ಪಥ್ಯ ಬಿಟ್ಟ ಮಧ್ಯಾಹ್ನಗಳು

ನಾಲ್ಕು ದಿನದಿಂದ ಬಿಡದ ಮಳೆ. ಮದರಾಸಿನ ಮಾಧವರಂನ ಈ ಮೂರನೆಯ ಮಹಡಿಯ ಮನೆಯಲ್ಲಿ ಒಗೆದ ಬಟ್ಟೆಗಳನ್ನು ಕುರ್ಚಿಯ ಬೆನ್ನಿಗೆ, ಬಾಗಿಲ ಚಿಲಕಕ್ಕೆ, ಫ್ಯಾನಿನ ಕೆಳಗೆ ಕಟ್ಟಿದ ಹಗ್ಗಕ್ಕೆ ಹಾಕಿದ್ದೇನೆ. ಒಂದೂ ಒಣಗಿಲ್ಲ. ಬೆಳಿಗ್ಗೆ ಒಂದು ಅಂಗಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದೆ. ಹುಳಿಯೂ ಅಲ್ಲದ, ಮುಗ್ಗಲೂ ಅಲ್ಲದ, ನಡುವಿನ ಒಂದು ವಾಸನೆ… ತಿರುವಲ್ಲಿಕೇಣಿಯ ಓಣಿಯೊಂದರ ಮನೆ, ಅದರ ಹಿಂಭಾಗದ ಕತ್ತಲು ಕೋಣೆ, ಅಲ್ಲಿ ಬಿದಿರಿನ ಗಳದ ಮೇಲೆ ಯಾರೂ ಮುಟ್ಟದಷ್ಟು ಎತ್ತರದಲ್ಲಿ ಹರಡಿದ್ದ ಒಂಬತ್ತು ಗಜದ ಸೀರೆ, ಅದನ್ನು ಕೋಲಿನಿಂದ ಸರಿಸುತ್ತಾ ನಿಂತ ಮಾಮಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

ಅವರಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಕೆಳಗಿನ ಪೋರ್ಷನ್ನಿನಲ್ಲಿ ಅವರಿದ್ದರು, ಮೇಲಿನ ತಗಡಿನ ಕೋಣೆಯಲ್ಲಿ ನಾನು. ಓಣಿಯವರೆಲ್ಲ ಮಾಮಿ ಎನ್ನುತ್ತಿದ್ದರಿಂದ ನಾನೂ ಮಾಮಿ ಎಂದೆ. ನಾನು ದಾವಣಗೆರೆಯಿಂದ ಬಂದು ಔಷಧ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದವನು. ಅವರ ಹಿರಿಯರು ಯಾವ ಕಾಲದಲ್ಲೋ ಕನ್ನಡನಾಡಿನಿಂದ ಕುಂಭಕೋಣದ ಕಡೆ ಬಂದು ನೆಲೆಸಿದವರು. ಅವರ ಕನ್ನಡದಲ್ಲಿ ಅರ್ಧ ತಮಿಳು ಕೂತಿತ್ತು. ನನ್ನ ಮಾತು ಕೇಳಿ ಮೊದಲ ದಿನವೇ ನಕ್ಕಿದ್ದರು. “ಏನ್ ಪಾ, ರೇಡಿಯೋ ವಾರ್ತೆ ಹಂಗೆ ಮಾತಾಡ್ತಿಯಲ್ಲ” ಎಂದಿದ್ದರು. ಅಥವಾ ಬೇರೆ ಯಾರೋ ಅಂದದ್ದನ್ನು ಈಗ ನಾನು ಅವರ ಬಾಯಿಗೆ ಹಾಕುತ್ತಿರಬಹುದು. ಇಂಥ ವಿಷಯಗಳಲ್ಲಿ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಮಾಮಿಯ ಕೆಲಸ ಶ್ರಾದ್ಧದ ಅಡುಗೆ. ಊರಿನ ಕನ್ನಡದ ಆಚಾರವಂತರ ಮನೆಗಳಲ್ಲಿ ತಿಥಿ ಬಂದರೆ, ಮಠದ ಕಡೆಯ ಆಚಾರ್ಯರೊಬ್ಬರು ಇವರನ್ನು ಕಳಿಸುತ್ತಿದ್ದರು. ಆ ಮನೆಗೆ ಹೋಗಿ ತಣ್ಣೀರು ಸ್ನಾನ ಮಾಡಿ, ಸೀರೆಯನ್ನು ನೆನೆಸಿ, ಹಿಂಡಿ, ಆ ಒದ್ದೆ ಸೀರೆಯಲ್ಲೇ ಒಲೆಯ ಮುಂದೆ ನಿಲ್ಲುವುದು. ಮೈ ಶಾಖಕ್ಕೆ, ಒಲೆಯ ಶಾಖಕ್ಕೆ ಅದು ಆರಬೇಕು. ಮದರಾಸಿನ ಗಾಳಿಯಲ್ಲಿ ಅದು ಎಲ್ಲಿ ಆರುತ್ತದೆ? ಎಲೆಯ ಮುಂದೆ ಕುಳಿತ ಬ್ರಾಹ್ಮಣರ ಊಟ ಮುಗಿಯುವವರೆಗೆ ಅವರು ನೀರನ್ನೂ ಮುಟ್ಟುತ್ತಿರಲಿಲ್ಲ. ಹಣೆಯಲ್ಲಿ ದೊಡ್ಡ ಕುಂಕುಮವಿತ್ತು. ಗಂಡ ಎಂದೋ ಉತ್ತರದ ಕಡೆ ಹೋದವನು ಮರಳಿರಲಿಲ್ಲ. ಬದುಕಿದ್ದಾನೆಂದೇ ಅವರ ಲೆಕ್ಕ. ಮಕ್ಕಳಿರಲಿಲ್ಲ. ಅಣ್ಣನ ಮಗನೊಬ್ಬ ಬೆಸೆಂಟ್ ನಗರದಲ್ಲಿದ್ದ, ಹಬ್ಬಕ್ಕೆ ಬಂದು ನಮಸ್ಕಾರ ಮಾಡಿ ಹೋಗುತ್ತಿದ್ದ.

ಆ ವರ್ಷದ ಆಷಾಢಕ್ಕೆ ಮೊದಲೇ ಅವರಿಗೆ ಹುಳುಕಡ್ಡಿ ಎದ್ದಿತ್ತು. ತಮಿಳಿನಲ್ಲಿ ಅದಕ್ಕೆ ಪಡರ್ ತಾಮರೆ ಎನ್ನುತ್ತಾರೆ, ಹಬ್ಬುವ ತಾವರೆ. ಸೊಂಟದ ಸುತ್ತ ಶುರುವಾಗಿ ಮಣಿಕಟ್ಟಿಗೆ, ಅಂಗೈಗೆ, ಬೆರಳ ಸಂದಿಗೆ ಹಬ್ಬಿತ್ತಂತೆ. ನಾನು ನೋಡಿದ್ದು ಕೈ ಮಾತ್ರ. ಅಂಚು ಎದ್ದ ಕೆಂಪು ಬಳೆಗಳಂಥ ಗುರುತು, ನಡುವೆ ಹೊಟ್ಟು ಹೊಟ್ಟಾದ ಚರ್ಮ. ಒಂದು ಮನೆಯಲ್ಲಿ ಬಡಿಸುವಾಗ ಯಾರೋ ಅದನ್ನು ನೋಡಿ ಯಜಮಾನರ ಕಿವಿಗೆ ಹಾಕಿದ್ದರು. ಅಷ್ಟೇ. ಆಮೇಲೆ ಕರೆ ಬರುವುದು ನಿಂತಿತು.

ಆಚಾರ್ಯರು ಒಂದು ಸಂಜೆ ಬಂದು ಅಂಗಳದಲ್ಲೇ ನಿಂತು ಮಾತಾಡಿದರು. ನಾನು ಮೆಟ್ಟಿಲ ಮೇಲಿದ್ದೆ.

“ಮಾಮಿ, ತಪ್ಪು ತಿಳ್ಕೋಬೇಡಿ. ಪಕ್ಷಮಾಸ ಬರೋದ್ರೊಳಗೆ ಕೈ ಸರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಶ್ರೀರಂಗದಿಂದ ಒಬ್ರನ್ನ ಕರೆಸಬೇಕಾಗತ್ತೆ.”

“ಕರೆಸಿ, ಕರೆಸಿ. ಅವಳ ಹುಳಿ ಉಂಡ್ರೆ ಪಿತೃಗಳು ಮುಂದಿನ ವರ್ಷ ಬರೋದೇ ಬೇಡ ಅಂತ ಅಲ್ಲೇ ಕೂತ್ಬಿಡ್ತಾರೆ.”

ಆಚಾರ್ಯರು ನಕ್ಕರು. ಮಾಮಿ ನಗಲಿಲ್ಲ. ಪಕ್ಷಮಾಸ ಎಂದರೆ ಮಹಾಲಯದ ಹದಿನೈದು ದಿನ. ಎಲ್ಲ ಮನೆಗಳಲ್ಲೂ ಒಟ್ಟಿಗೆ ಶ್ರಾದ್ಧ ನಡೆಯುವ ಕಾಲ. ಆಗ ಬೇರೊಬ್ಬಳು ಬಂದು ಆ ಅಡುಗೆಮನೆಗಳಲ್ಲಿ ನಿಂತರೆ, ಮಾಮಿಗೆ ಇನ್ನು ಅಲ್ಲಿ ಜಾಗವಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಅರ್ಥವಾಯಿತು.

ಒಂದೆರಡು ದಿನ ಬಿಟ್ಟು ನನ್ನನ್ನು ಕೂಗಿದರು. ಕೈಯಲ್ಲಿ ಕ್ಯಾಪ್ಸೂಲಿನ ಪಟ್ಟಿ. “ನೀನು ಔಷಧಿ ಓದೋನು ತಾನೆ? ಇದು ಅಸಲಾ, ಡೂಪ್ಲಿಕೇಟಾ ನೋಡಿ ಹೇಳು. ತಿಂಗಳಾಯ್ತು ನುಂಗಿ ನುಂಗಿ. ಒಂದು ಚೂರು ಬಗ್ಗಿಲ್ಲ.”

ದೊಡ್ಡಾಸ್ಪತ್ರೆಯ ಚರ್ಮದ ವಿಭಾಗದಲ್ಲಿ ಬರೆದುಕೊಟ್ಟದ್ದು. ಹೆಸರು ಓದಿದ ಕೂಡಲೇ ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ನನ್ನ ಪ್ರಯೋಗಾಲಯದಲ್ಲಿ ನನ್ನನ್ನು ಗೋಳುಹೊಯ್ದುಕೊಳ್ಳುತ್ತಿದ್ದ ಪುಡಿಯ ಜಾತಿಗೇ ಸೇರಿದ ಔಷಧಿ ಅದು. ನೀರಿಗೆ ಹಾಕಿದರೆ ಬೂದಿಯಂತೆ ಮೇಲೆ ತೇಲುತ್ತದೆ. ದಿನವಿಡೀ ತಿರುಗಿಸಿದರೂ ಕರಗುವುದು ಎಲ್ಲೋ ಒಂದಿಷ್ಟು. ಕರಗದ್ದು ಕರುಳಿನ ಗೋಡೆ ದಾಟುವುದಿಲ್ಲ; ದಾಟದ್ದು ರಕ್ತಕ್ಕೆ ಸೇರುವುದಿಲ್ಲ. ಬಾಯಿಂದ ಒಳಗೆ ಹೋದ ಔಷಧಿ ಮೈಗೆ ಹತ್ತದೆ ಹಾಗೆಯೇ ಹೊರಗೆ ಹೋಗುತ್ತದೆ. ಆ ಪುಡಿಯನ್ನು ಒಂದು ಬಗೆಯ ಅಂಟಿನ ಜೊತೆ ಕರಗಿಸಿ, ಹರಳುಗಟ್ಟಲು ಬಿಡುವು ಕೊಡದಂತೆ ತಟ್ಟನೆ ತಣಿಸಿ, ಗಾಜಿನಂಥ ತುಂಡುಗಳಾಗಿ ಮಾಡುವುದು ನನ್ನ ಕೆಲಸ. ಹಾಗೆ ಮಾಡಿದರೆ ನೀರಿನಲ್ಲಿ ಚೆನ್ನಾಗಿ ಕರಗುತ್ತಿತ್ತು. ಆದರೆ ಕೆಲವು ವಾರ ಕಪಾಟಿನಲ್ಲಿಟ್ಟರೆ ಸಾಕು, ಈ ಊರಿನ ತೇವ ಹೀರಿ ಮತ್ತೆ ಹರಳಾಗಿ ಕೂರುತ್ತಿತ್ತು. ಮತ್ತೆ ಮೊದಲಿನಿಂದ… ನನ್ನ ಜೊತೆಗಾರರೆಲ್ಲ ಬರೆದು ಮುಗಿಸಿ ಹೋಗಿದ್ದರು. ಆ ದೊಡ್ಡ ಕೋಣೆಯಲ್ಲಿ ಯಂತ್ರದ ಸದ್ದು ಬಿಟ್ಟರೆ ನಾನೊಬ್ಬನೇ ಉಳಿದಿದ್ದೆ.

“ಅಸಲೇ ಮಾಮಿ. ಏನು ತಿಂದು ತಗೋತೀರಿ?”

“ಡಾಕ್ಟರು ಸಾಪಾಡು ಆದ್ಮೇಲೆ ಹಾಕ್ಕೋ ಅಂದ್ರು. ಹಂಗೇ ಮಾಡ್ತೀನಿ. ಗಂಜಿ, ಉಪ್ಪು, ಆಮೇಲೆ ಮಾತ್ರೆ. ಔಷಧಿ ಅಂದ್ಮೇಲೆ ಪಥ್ಯ ಬೇಡ್ವಾ? ಎಣ್ಣೆ ಇಲ್ಲ, ತುಪ್ಪ ಇಲ್ಲ, ತೆಂಗಿನಕಾಯಿ ಮುಟ್ಟಿಲ್ಲ. ಒಂದು ದಿನ ತಪ್ಪಿಲ್ಲ, ಖಂಡಿತ, ಕಂಡಿಪ್ಪಾ.”

ಹೆಮ್ಮೆಯಿಂದ ಹೇಳಿದರು. ಅವರ ಮಟ್ಟಿಗೆ ಅದು ಔಷಧಿಗೆ ಕೊಡಬೇಕಾದ ಮರ್ಯಾದೆ. ಹುಟ್ಟಿದಾಗಿನಿಂದ ಸೇವಿಸಿದ ಎಲ್ಲ ಕಷಾಯ, ಲೇಹ್ಯಗಳ ಜೊತೆಗೂ ಅವರ ಮನೆಯಲ್ಲಿ ಅದೇ ನಡೆದುಬಂದಿತ್ತು. ಇಲ್ಲಿ ಮಾತ್ರ ಅದು ತಲೆಕೆಳಗಾಗಿತ್ತು. ಈ ಔಷಧಿಗೆ ಬೇಕಾದದ್ದು ಜಿಡ್ಡು. ಜಿಡ್ಡಿನ ಊಟ ಹೊಟ್ಟೆಗೆ ಬಿದ್ದರೆ ಪಿತ್ತರಸ ಇಳಿದುಬರುತ್ತದೆ. ನೀರಿಗೆ ಒಗ್ಗದ ಔಷಧಿ ಆ ಪಿತ್ತ, ಆ ಜಿಡ್ಡಿನ ಸಣ್ಣ ಸಣ್ಣ ಹನಿಗಳಲ್ಲಿ ಕೂತು ಕರುಳಿನ ಗೋಡೆಯವರೆಗೆ ಪ್ರಯಾಣ ಮಾಡುತ್ತದೆ. ಬರೀ ಗಂಜಿಯ ಜೊತೆ ಅದು ದಿಕ್ಕಿಲ್ಲದೆ ತೇಲುತ್ತಿತ್ತು. ಅವರು ಎಷ್ಟು ನಿಷ್ಠೆಯಿಂದ ಪಥ್ಯ ಹಿಡಿದರೋ ಔಷಧಿ ಅಷ್ಟೇ ದೂರವಾಗಿತ್ತು.

ಇದನ್ನು ಹೇಗೆ ಹೇಳುವುದು? ಇಂಗಿನ ಉದಾಹರಣೆ ಕೊಟ್ಟೆ. ನೀರಿಗೆ ಹಾಕಿದ ಇಂಗಿಗಿಂತ ತುಪ್ಪದ ಒಗ್ಗರಣೆಗೆ ಬಿದ್ದ ಇಂಗು ಹೇಗೆ ಬಿಟ್ಟುಕೊಳ್ಳುತ್ತದೋ ಹಾಗೆ ಎಂದೆ. ಬಹಳ ಒಳ್ಳೆಯ ಉದಾಹರಣೆ ಎಂದುಕೊಂಡಿದ್ದೆ.

“ಹೊಟ್ಟೆ ಏನು ಬಾಣಲೆಯೇನೋ?” ಎಂದರು. “ನಮ್ಮಪ್ಪ ಕಾಮಾಲೆಗೆ ಔಷಧಿ ತಿಂದಾಗ ಉಪ್ಪೇ ಬಿಟ್ಟಿದ್ರು. ನೀನು ತುಪ್ಪ ಸುರ್ಕೋ ಅಂತಿ. ಇದೇನಾ ಯೂನಿವರ್ಸಿಟೀಲಿ ಹೇಳ್ಕೊಡೋದು?”

ನನ್ನ ಮಾತು ಬೇಡ, ಡಾಕ್ಟರನ್ನೇ ಕೇಳಿ ಎಂದೆ. ಆಸ್ಪತ್ರೆಗೆ ಹೋಗಿ ಬಂದ ಮಾಮಿ ಮುಖ ಗಂಟು ಹಾಕಿಕೊಂಡೇ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ದನಿ ಬಂತು. “ನೀನು ಮೊದ್ಲೇ ಹೋಗಿ ಅವನ ಕಿವೀಲಿ ಊದಿ ಬಂದ್ಯಾ? ತುಪ್ಪ, ತೊವ್ವೆ, ಎಲ್ಲ ಹಾಕ್ಕೊಂಡು ಹೊಟ್ಟೆ ತುಂಬಾ ಉಣ್ಣು ಅಂದ.”

ಹಾಗಿದ್ದರೂ ಅವರ ಒಲೆಯ ಮೇಲೆ ಗಂಜಿಯೇ ಕುದಿಯುತ್ತಿತ್ತು. ಕೇಳಿದ್ದಕ್ಕೆ ಮೊದಲು ಏನೇನೋ ನೆಪ ಹೇಳಿದರು. ಕೊನೆಗೆ ಹೇಳಿದ್ದು ಇದು: “ಒಬ್ಬಳಿಗೆ ಅಂತ ಹುಳಿ ಮಾಡಕ್ಕೆ ಬರಲ್ಲ ಕಣೋ ನಂಗೆ. ಕೈ ಎಲೆಸಾಲಿಗೆ ಪಳಗಿಬಿಟ್ಟಿದೆ. ಒಂದು ಎಲೆಗೆ ಎಷ್ಟು ಬೇಳೆ ಹಾಕೋದು, ಯಾರಿಗೆ ಬಡಿಸೋದು…”

ಆಗಲೇ ನನಗೆ ಗೊತ್ತಾದದ್ದು. ಪಥ್ಯ ಹೋಗಲಿ, ಔಷಧಿ ಇಲ್ಲದ ದಿನಗಳಲ್ಲೂ ಅವರು ಮನೆಯಲ್ಲಿ ತಮಗಾಗಿ ಅಡುಗೆ ಮಾಡಿಕೊಳ್ಳುತ್ತಿರಲಿಲ್ಲ. ಬೇರೆಯವರ ಪಿತೃಗಳಿಗೆ ಭಕ್ಷ್ಯಗಳನ್ನು ಮಾಡುತ್ತಿದ್ದವರು ಮನೆಗೆ ಬಂದು ಗಂಜಿ ಕುಡಿದು ಮಲಗುತ್ತಿದ್ದರು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೋ. ನನ್ನ ನೆನಪಿನ ಪ್ರಕಾರ ನಾನೇ ಹೇಳಿದೆ: “ಮಾಮಿ, ನೀವು ಅಡುಗೆ ಮಾಡಿದ್ರೆ ಮಧ್ಯಾಹ್ನ ನಾನೂ ಬರ್ತೀನಿ. ಇಬ್ಬರಿಗೆ ಮಾಡಿ.” ಅವರನ್ನು ಉಣ್ಣಿಸುವುದಕ್ಕೆ ನಾನು ಹೂಡಿದ ಉಪಾಯ ಅದು. ಇಷ್ಟು ವರ್ಷ ಹಾಗೆಂದೇ ನಂಬಿದ್ದೆ. ಅವರು ತಕ್ಷಣ ಒಪ್ಪಲಿಲ್ಲ, ಕೈ ಹೀಗಿರುವಾಗ ಇನ್ನೊಬ್ಬರಿಗೆ ಹೇಗೆ ಬಡಿಸುವುದು ಎಂದರು. ಸೌಟಿನಲ್ಲಿ ಬಡಿಸಿ, ನನಗೇನೂ ಆಗುವುದಿಲ್ಲ ಎಂದೆ. ಇದೂ ನಿಜವೇ ಇರಬೇಕು.

ಪ್ರಯೋಗಾಲಯದಿಂದ ಆ ಮನೆಗೆ ನಡೆದು ಹೋಗುವಷ್ಟು ದೂರ. ನಡುಮನೆಯಲ್ಲಿ ನನಗೆ ಎಲೆ. ಅವರು ಬಡಿಸಿ ಅಡುಗೆಮನೆಯೊಳಗೆ ಹೋಗಿ, ಗೋಡೆಯ ಮರೆಯಲ್ಲಿ ತಮ್ಮ ಎಲೆ ಹಾಕಿಕೊಳ್ಳುತ್ತಿದ್ದರು. ಮಡಿಯಲ್ಲಿದ್ದವರು ನನ್ನಂಥವನ ಪಂಕ್ತಿಯಲ್ಲಿ ಉಣ್ಣುವಂತಿರಲಿಲ್ಲ. ಯಾರ ಕಣ್ಣೆದುರೂ ಉಣ್ಣುವ ರೂಢಿಯೂ ಅವರಿಗಿರಲಿಲ್ಲ. ಹಾಗಾಗಿ ನಮ್ಮ ಮಾತೆಲ್ಲ ಗೋಡೆಯ ಈಚೆ ಆಚೆ.

“ಕಾಯಿಹಾಲಿನ ಪಾಯಸ ಹೇಗಿದೆ?”

“ಚೆನ್ನಾಗಿದೆ ಮಾಮಿ.”

“ಚೆನ್ನಾಗಿದೆ ಅಂತ ಬಾಯಿ ಹೇಳತ್ತೆ, ಎಲೆಯ ಸದ್ದು ಹೇಳ್ತಿಲ್ಲ. ಇನ್ನೊಂದು ಸೌಟು ಹಾಕ್ಕೋ.”

“ನೀವು ತುಪ್ಪ ಹಾಕ್ಕೊಂಡ್ರಾ?”

“ಹಾಕ್ಕೊಂಡೆ, ಹಾಕ್ಕೊಂಡೆ. ದೊಡ್ಡ ಸಿಐಡಿ!”

ಹೀಗೆ ಕೆಲವು ವಾರ. ಒಂದು ದಿನ ಅಂಗೈಯ ಅಂಚಿನ ಕೆಂಪು ಇಳಿದಂತೆ ಕಂಡಿತು. ಆಮೇಲೆ ಹೊಟ್ಟು ಉದುರಿತು. ಶ್ರಾವಣ ಮುಗಿಯುವ ಹೊತ್ತಿಗೆ ಮಣಿಕಟ್ಟಿನಲ್ಲಿ ಕಂದು ನೆರಳಷ್ಟೇ ಉಳಿದಿತ್ತು. ನನಗೆ ಎಂಥ ಸಂತೋಷ! ಗಾಜಿನ ಪಾತ್ರೆಯಲ್ಲಿ ಕರಗದೆ ನನ್ನನ್ನು ಸೋಲಿಸಿದ್ದು ಒಬ್ಬ ಹೆಂಗಸಿನ ಮೈಯಲ್ಲಿ, ತೊವ್ವೆ ತುಪ್ಪದ ನಡುವೆ, ಕರಗಿತ್ತು. ನನ್ನ ಸಂಶೋಧನೆಯಲ್ಲಿ ಯಶಸ್ವಿಯಾದ ಪ್ರಯೋಗ ಇದೊಂದೇ ಎಂದು ಆಮೇಲೆ ಗೆಳೆಯರಿಗೆ ಎಷ್ಟೋ ಸಲ ಹೇಳಿದ್ದೇನೆ.

ಆದರೆ ಅದನ್ನು ಪ್ರಯೋಗ ಎಂದು ಕರೆಯಬಹುದೇ? ಆ ತಿಂಗಳುಗಳಲ್ಲಿ ಅವರನ್ನು ಯಾರೂ ಅಡುಗೆಗೆ ಕರೆದಿರಲಿಲ್ಲ. ಎಂದರೆ ಒದ್ದೆ ಸೀರೆ ಉಡುವುದೂ ತಪ್ಪಿತ್ತು. ಒಣಗಿದ ಮೈಯಲ್ಲಿ ಹುಳುಕಡ್ಡಿ ತಾನಾಗಿಯೇ ಸೋತಿರಬಹುದು. ಡಾಕ್ಟರು ನಡುವೆ ಮುಲಾಮು ಬದಲಿಸಿದ್ದರು, ಕ್ಯಾಪ್ಸೂಲಿನ ಕಂಪನಿಯೂ ಬದಲಾಗಿತ್ತೇನೋ. ಎಲ್ಲಕ್ಕಿಂತ ದೊಡ್ಡ ಕೊರತೆ ಒಂದಿದೆ. ಗೋಡೆಯ ಆಚೆ ಅವರು ನಿಜವಾಗಿ ಉಂಡರೇ, ತುಪ್ಪ ಹಾಕಿಕೊಂಡರೇ ಎಂಬುದನ್ನು ನಾನು ಒಂದು ದಿನವೂ ನೋಡಿಲ್ಲ. ಪಾತ್ರೆಯ ಸದ್ದು ಕೇಳಿದ್ದೇನೆ. ವಿದ್ಯಾರ್ಥಿಯೊಬ್ಬ ಇಂಥ ಪುರಾವೆ ಹಿಡಿದು ಬಂದರೆ ನಾನೇ ವಾಪಸ್ ಕಳಿಸುತ್ತೇನೆ.

ಪಕ್ಷಮಾಸ ಶುರುವಾಗುವ ಮುನ್ನ ಆಚಾರ್ಯರು ಬಂದರು. ಮಾಮಿ ಅಂಗಳದ ಬಿಸಿಲಿಗೆ ಬಂದು ಎರಡೂ ಕೈ ಚಾಚಿ ಹಿಡಿದರು, ಅಂಗೈ ಮೇಲೆ ಮಾಡಿ, ಆಮೇಲೆ ತಿರುಗಿಸಿ, ಶಾಲೆಯಲ್ಲಿ ಉಗುರು ತೋರಿಸುವ ಮಕ್ಕಳಂತೆ. ಅಷ್ಟು ಗಟ್ಟಿ ಬಾಯಿಯ ಹೆಂಗಸು ಹಾಗೆ ಕೈ ಚಾಚಿ ಸುಮ್ಮನೆ ನಿಂತದ್ದನ್ನು ನಾನು ಮೇಲಿನಿಂದ ನೋಡಿದೆ. ಇದನ್ನು ಮಾತ್ರ ನನ್ನ ನೆನಪು ಹುಟ್ಟಿಸಿಕೊಂಡದ್ದಲ್ಲ ಎಂದು ಹೇಳಬಲ್ಲೆ.

“ಸರಿ. ನಾಳಿದ್ದು ತಿರುವೊಟ್ಟಿಯೂರಲ್ಲಿ ಒಂದು ಮನೆ. ಬೆಳಿಗ್ಗೆ ಬೇಗ ಹೋಗಬೇಕು” ಎಂದರು ಆಚಾರ್ಯರು.

“ಅಷ್ಟು ದೂರಾನಾ? ನೋಡ್ತೀನಿ, ಕೈಲಿ ಆಗತ್ತಾ ಅಂತ” ಎಂದರು ಮಾಮಿ. ಆಚಾರ್ಯರು ಅತ್ತ ತಿರುಗಿದ್ದೇ ತಡ, ಮಾಮಿ ಒಳಗೆ ಹೋಗಿ ಗಳದ ಮೇಲಿಂದ ಸೀರೆ ಇಳಿಸಿದರು.

ಆ ನಾಳಿದ್ದಿನ ಮಧ್ಯಾಹ್ನ ನಾನು ಅಭ್ಯಾಸಬಲದಿಂದ ಊಟಕ್ಕೆ ಬಂದೆ. ಬಾಗಿಲಿಗೆ ಬೀಗ. ಗೊತ್ತಿದ್ದೂ ಬಂದಿದ್ದೆನೋ ಏನೋ… ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ಬೀದಿ ಕೊನೆಯ ಅಂಗಡಿಯಲ್ಲಿ ಮೊದಲಿನಂತೆ ಬನ್ನು, ಟೀ ತೆಗೆದುಕೊಂಡೆ. ಅವರು ವಾಸಿಯಾಗಲೆಂದು ಅಷ್ಟು ಹಂಬಲಿಸಿದವನಿಗೆ ಅವರು ವಾಸಿಯಾದ ದಿನ ಯಾಕೆ ಹಾಗೆ ಮನಸ್ಸು ಖಾಲಿಯಾಯಿತು ಎಂದು ಅರ್ಥವಾಗಲಿಲ್ಲ. ಪಕ್ಷಮಾಸ ಮುಗಿದ ಮೇಲೂ ಅವರ ಮಧ್ಯಾಹ್ನಗಳು ಬೇರೆಯವರ ಅಡುಗೆಮನೆಗಳಲ್ಲೇ ಕಳೆದವು. ಮೆಟ್ಟಿಲಲ್ಲಿ ಎದುರಾದಾಗ “ಇವತ್ತೇನು ತಿಂದೆ?” ಎಂದು ಕೇಳುತ್ತಿದ್ದರು. ನಾನು ಏನೋ ಒಂದು ಹೇಳುತ್ತಿದ್ದೆ. ಮುಂದಿನ ವರ್ಷ ಹೇಗೋ ಬರೆದು ಮುಗಿಸಿ ಹೈದರಾಬಾದಿಗೆ ಕೆಲಸಕ್ಕೆ ಹೋದೆ.

ಈ ಊರಿಗೆ ಮರಳಿ ಬಂದಾಗ ಒಂದು ಭಾನುವಾರ ಆ ಓಣಿಗೆ ಹೋಗಿದ್ದೆ. ಮನೆಯ ಜಾಗದಲ್ಲಿ ಫ್ಲ್ಯಾಟು ಎದ್ದಿತ್ತು. ಮಾಮಿ ತೀರಿಹೋದರು ಎಂದು ಎದುರು ಮನೆಯವರು ತಮಿಳಿನಲ್ಲಿ ಹೇಳಿ, ಅಣ್ಣನ ಮಗನ ನಂಬರ್ ಕೊಟ್ಟರು. ಫೋನಿನಲ್ಲಿ ಏನು ಕೇಳುವುದು ಎಂದು ಗೊತ್ತಾಗದೆ ಅದು ಹಾಗೇ ಉಳಿದಿತ್ತು. ಇವತ್ತು ಬೆಳಿಗ್ಗೆ ಆ ಅಂಗಿ ಕೈಯಲ್ಲಿದ್ದಾಗಲೇ ಫೋನ್ ಮಾಡಿದೆ.

ನಾನು ಯಾರೆಂದು ತಿಳಿಯಲು ಆತನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆಯ ಕೈ, ಚರ್ಮದ ಆಸ್ಪತ್ರೆ ಎಂದೆಲ್ಲ ನೆನಪಿಸಿದೆ.

“ಅತ್ತೆಗೆ ಸ್ಕಿನ್ ಪ್ರಾಬ್ಲಮ್ಮಾ? ನಂಗೆ ತೆರಿಯಾದೇ ಸರ್, ಗೊತ್ತೇ ಇಲ್ಲ. ಒಂದು ವಾರ್ತೆ ಹೇಳಿಲ್ಲ.” ಆಮೇಲೆ ದನಿ ಬದಲಾಯಿತು. “ಓ… ನೀವು ಮೇಲಿನ ರೂಮಿನ ಹುಡುಗನಾ? ಬನ್ನು ತಿನ್ನೋ ಹುಡುಗ! ಅತ್ತೆ ನಿಮ್ಮ ಕಥೆ ಎಷ್ಟು ಹೇಳೋರು! ಯಾವಾಗ್ಲೂ ಒಬ್ಬನೇ, ಯಾರ ಜೊತೆನೂ ಮಾತಿಲ್ಲ, ಒಣಗಿ ಕಡ್ಡಿ ಆಗ್ಬಿಟ್ಟಿದ್ದ. ಊಟಕ್ಕೆ ಬಾ ಅಂದ್ರೆ ರೋಷ, ಬರಲ್ಲ. ಅದಕ್ಕೆ ಏನೋ ಮಾತ್ರೆ ನೆಪ ಮಾಡ್ಕೊಂಡು, ನಂಗೋಸ್ಕರ ಬಾ ಅಂತ ಕೂರಿಸಿ ಊಟ ಹಾಕ್ದೆ ಅನ್ನೋರು. ಐಡಿಯಾ ನಂದು ಅಂತ ಒಂದೇ ಪೆರುಮೆ, ಜಂಭ!”

ಆತ ಕೇಳಿದ, “ಸರ್, ಲೈನಲ್ಲಿ ಇದೀರಾ?”

ಫೋನ್ ಕಿವಿಗಿಟ್ಟುಕೊಂಡೇ ನನ್ನ ತಲೆ ತನ್ನ ಹಳೆಯ ಕೆಲಸಕ್ಕೆ ತೊಡಗಿತು. ಅವರು ಅಣ್ಣನ ಮಗನಿಂದ ರೋಗವನ್ನು ಮುಚ್ಚಿಟ್ಟವರು. ಆ ಮಧ್ಯಾಹ್ನಗಳಿಗೆ ಒಂದು ಕಾರಣ ಬೇಕಾಗಿ, ನನ್ನ ಒಂಟಿತನವನ್ನು ಮುಂದೆ ಮಾಡಿ ಕಥೆ ಹೆಣೆದಿರಬಹುದು. ಅಥವಾ ಕಥೆ ಹೆಣೆದವನು ನಾನೇ ಇರಬಹುದು. ನನ್ನನ್ನು ಒಬ್ಬರು ಕರೆದು ಕೂರಿಸಿ ಉಣ್ಣಿಸಿದರು ಎನ್ನುವುದಕ್ಕಿಂತ ನಾನು ಒಬ್ಬರನ್ನು ವಾಸಿಮಾಡಿದೆ ಎನ್ನುವುದು ನನಗೆ ಹಿತವಾಗಿದ್ದಿರಬೇಕು. ಯಾವುದಕ್ಕೂ ಸಾಕ್ಷಿಯಿಲ್ಲ. ಇದ್ದ ಒಬ್ಬರು ಈಗಿಲ್ಲ.

“ಕೊನೇಲಿ ಊಟ ಗೀಟ ಸರಿಯಾಗಿ ಮಾಡ್ತಿದ್ರಾ?” ಎಂದೆ.

“ಎಲ್ಲಿ ಸರ್… ಗಂಜಿ. ನಮ್ಮ ಮನೆಗೆ ಬಂದಿರಿ ಅಂದ್ರೂ ಬರಲಿಲ್ಲ. ಗಂಜಿ ಸಾಕು ಅನ್ನೋರು. ಕರ್ಮ ಎಲ್ಲಾ ನಾನೇ ಮಾಡ್ದೆ. ವರ್ಷ ವರ್ಷ ತಿಥೀನೂ ನಾನೇ.”

“ಮನೇಲೇ ಮಾಡ್ತೀರಾ?”

“ಮನೇಲಿ ಅಡಿಗೆ ಮಾಡೋರು ಯಾರು ಸಿಗ್ತಾರೆ ಸರ್ ಈಗ? ಮಠದಲ್ಲಿ ಹೇಳ್ಬಿಡ್ತೀವಿ. ಅವರೇ ಎಲ್ಲಾ ನೋಡ್ಕೋತಾರೆ. ಮುಂದಿನ ತಿಂಗಳು ಬರತ್ತೆ.”

ನಾನು ಶ್ರಾದ್ಧವನ್ನು ನಂಬುವವನಲ್ಲ. ಸತ್ತವರು ಯಾವ ತಿಥಿಗೂ ಬಂದು ಉಣ್ಣುವುದಿಲ್ಲ ಎಂದು ನನ್ನ ತಂದೆಯ ವಿಷಯದಲ್ಲೂ ವಾದ ಮಾಡಿದವನು. ಈಗಲೂ ಹಾಗೆಂದೇ ಅಂದುಕೊಂಡಿದ್ದೇನೆ. ಆದರೂ ಕೇಳಿದೆ, “ನಾನು ಬರಬಹುದಾ?”

“ಅಯ್ಯೋ, ಧಾರಾಳವಾಗಿ ಬನ್ನಿ ಸರ್. ಆದ್ರೆ ಒಂದು, ಎಲೆ ಹಾಕೋ ಹೊತ್ತಿಗೆ ಮೂರು ಗಂಟೆ ಆಗ್ಬಿಡತ್ತೆ. ಅಲ್ಲಿವರೆಗೂ ಯಾರಿಗೂ ಏನೂ ಸಿಗಲ್ಲ.”

ಕಾಯ್ತೀನಿ ಎಂದೆ.